ಆಟಗಾರನ ಸಂಬಳ, ಮಾಲೀಕರ ತೀರ್ಮಾನ: ಮಾತುಕತೆಯ ಮೇಜಿನಲ್ಲಿ ಖಾಲಿ ಉಳಿದ ಕುರ್ಚಿ

ವಿಜಯಪುರ: 2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ ಹೊರಡಿಸಿದ ಪ್ರಕಟಣೆ ಕೆಲವೇ ಸಾಲುಗಳದ್ದು. ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಭವಿಷ್ಯ ಅನಿಶ್ಚಿತವಾಗಿರುವ ಕಾರಣ ಮೊದಲ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಲಾಗಿದೆ ಎಂಬುದು ಅದರ ಸಾರ. ಕ್ಲಬ್‌ನ ಒಡೆತನ ದೇಶದ ದೊಡ್ಡ ಉಕ್ಕು ಉದ್ಯಮಗಳಲ್ಲೊಂದಾದ ಜೆಎಸ್‌ಡಬ್ಲ್ಯು ಸಮೂಹದ್ದು. ಸಂಬಳ ನಿಂತವರ ಪಟ್ಟಿಯಲ್ಲಿ ಭಾರತ ತಂಡದ ಪರ ಅತಿ ಹೆಚ್ಚು ಗೋಲು ಹೊಡೆದ ಸುನಿಲ್ ಛೇತ್ರಿಯವರೂ ಇದ್ದರು, ಹೆಸರೇ ಕೇಳಿರದ ಮಸಾಜ್ ಸಹಾಯಕರಂಥವರೂ ಇದ್ದರು.

ಒಂದು ಕಾರ್ಖಾನೆಯ ಆಡಳಿತ ಇಂಥದೊಂದು ನೋಟಿಸನ್ನು ಗೇಟಿಗೆ ಅಂಟಿಸಿದ್ದರೆ ಮರುದಿನ ಬೆಳಿಗ್ಗೆ ಕಾರ್ಮಿಕ ಇಲಾಖೆಯ ಅಧಿಕಾರಿ ಸಂಧಾನಕ್ಕೆ ಕುಳಿತಿರುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಸುದ್ದಿ ಕ್ರೀಡಾ ಪುಟದಲ್ಲಿ ಬಂತು, ಅಭಿಮಾನಿಗಳು ಮರುಗಿದರು, ವಿಷಯ ಮುಂದೆ ಸಾಗಿತು.

ಭಾರತದಲ್ಲಿ ವೃತ್ತಿಪರ ಕ್ರೀಡೆ ಬೆಳೆದಿರುವ ವೇಗಕ್ಕೂ ಆ ವೃತ್ತಿಯಲ್ಲಿರುವವರ ಹಕ್ಕುಗಳು ಬೆಳೆದಿರುವ ವೇಗಕ್ಕೂ ಇರುವ ಅಂತರ ಇದೇ. ತಂಡಗಳಿಗೆ ಮಾಲೀಕರು ಬಂದಿದ್ದಾರೆ, ಹರಾಜು ಬಂದಿದೆ, ಸಾವಿರಾರು ಕೋಟಿ ರೂಪಾಯಿಯ ಪ್ರಸಾರ ಹಕ್ಕು ಬಂದಿದೆ. ಆದರೆ ದುಡಿಯುವವನು ಹಾಗೂ ದುಡಿಸಿಕೊಳ್ಳುವವನು ಎದುರುಬದುರು ಕುಳಿತು ಲೆಕ್ಕ ಮಾತಾಡುವ ಮೇಜು ಮಾತ್ರ ಬಂದಿಲ್ಲ. ಪರಿಣಾಮವಾಗಿ ಆಟಗಾರರ ತಕರಾರುಗಳೆಲ್ಲ ಮಾಲೀಕರ ಔದಾರ್ಯ, ಮಂತ್ರಿಗಳ ಮಧ್ಯಪ್ರವೇಶ ಅಥವಾ ನ್ಯಾಯಾಲಯದ ತೀರ್ಪು, ಈ ಮೂರರಲ್ಲೊಂದರ ಬಾಗಿಲು ಕಾಯಬೇಕಾಗಿದೆ.

ಬುಲ್ಸ್ ಎಲ್ಲಿ ಹೋಯಿತು?

ಬೆಂಗಳೂರಿನ ಫುಟ್‌ಬಾಲ್‌ಗೂ ವಿಜಯಪುರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಬಿಜಾಪುರ ಬುಲ್ಸ್ ತಂಡವನ್ನು ನೆನಪಿಸಬೇಕಾಗುತ್ತದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆಎಸ್‌ಸಿಎ) 2009ರಲ್ಲಿ ಆರಂಭಿಸಿದ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ (ಕೆಪಿಎಲ್) ಈ ಜಿಲ್ಲೆಯ ಹೆಸರು ಹೊತ್ತ ತಂಡವದು. 2015 ಹಾಗೂ 2018ರಲ್ಲಿ ಪ್ರಶಸ್ತಿ ಗೆದ್ದಿತು. ಪಂದ್ಯಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನಡೆಯುತ್ತಿದ್ದರೂ ಗೋಳಗುಮ್ಮಟದ ಊರಿನ ಹೆಸರು ಟಿ.ವಿ. ಪರದೆಯ ಮೇಲೆ ಓಡಾಡುತ್ತಿದ್ದುದೇ ಇಲ್ಲಿನ ಹುಡುಗರಿಗೆ ದೊಡ್ಡ ಸಂಗತಿಯಾಗಿತ್ತು.

2019ರಲ್ಲಿ ಎಲ್ಲವೂ ಕುಸಿಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ತಂಡದ ಮಾಲೀಕನನ್ನು ಬೆಂಗಳೂರು ಪೊಲೀಸರು ಬೆಟ್ಟಿಂಗ್ ಆರೋಪದಲ್ಲಿ ಬಂಧಿಸಿದರು. ಬೆನ್ನಲ್ಲೇ ಆಟಗಾರರ ಬಂಧನಗಳಾದವು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಪಂದ್ಯ ನಿಗದಿ ಮಾಡಿಕೊಳ್ಳುವುದು ಶಿಸ್ತುಕ್ರಮಕ್ಕೆ ಅರ್ಹವಾದರೂ ದಂಡ ಸಂಹಿತೆಯ ವಂಚನೆಯ ಕಲಮಿನಡಿ ಬಾರದು ಎಂದು ಹೇಳಿ ತನ್ನ ಮುಂದಿದ್ದ ಆರೋಪಿಗಳ ವಿರುದ್ಧದ ಪ್ರಕರಣವನ್ನು ರದ್ದುಪಡಿಸಿತು. ಅಷ್ಟರಲ್ಲಿ ಕೆಪಿಎಲ್ ಎಂಬ ಲೀಗೇ ಇಲ್ಲವಾಗಿತ್ತು.

2022ರ ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಟೂರ್ನಿ ಮರಳಿತು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ: ಹೀಗೆ ಆರು ತಂಡಗಳು. ವಿಜಯಪುರ, ಬೆಳಗಾವಿ, ಬಳ್ಳಾರಿಯ ಹೆಸರುಗಳು ಕೈಬಿಟ್ಟುಹೋದವು. ಹಗರಣದಲ್ಲಿ ಹೆಸರು ಕೇಳಿಬಂದವರು ಬೆರಳೆಣಿಕೆಯಷ್ಟು. ಕೆಲಸ ಕಳೆದುಕೊಂಡವರು ಏಳು ತಂಡಗಳ ಅಷ್ಟೂ ಆಟಗಾರರು. ತಪ್ಪು ಮಾಡದ ಆಟಗಾರನ ಎರಡು ವರ್ಷಗಳ ಗಳಿಕೆ ಏನಾಯಿತು ಎಂದು ಕೇಳುವ ಸಂಘವೊಂದು ಆಗ ಇರಲಿಲ್ಲ. ಈಗಲೂ ಇಲ್ಲ.

ಲೀಗ್ ಎಂದೊಡನೆ ಕೋಟಿಗಳ ಮಾತು ಕೇಳಿಬರುತ್ತದಾದ್ದರಿಂದ ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. 2025ರ ಮಹಾರಾಜ ಟ್ರೋಫಿ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದವರು ಭಾರತ ತಂಡಕ್ಕೆ ಆಡಿರುವ ದೇವದತ್ತ ಪಡಿಕ್ಕಲ್. ಹುಬ್ಬಳ್ಳಿ ತಂಡ ಅವರಿಗೆ ಕೊಟ್ಟದ್ದು 13.20 ಲಕ್ಷ ರೂ. ಅದು ಶಿಖರ. ತಿಕೋಟಾ, ಬಬಲೇಶ್ವರ, ಬಿಜ್ಜರಗಿಯಂಥ ಊರುಗಳಿಂದ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಬಂದು ಅಭ್ಯಾಸ ಮಾಡುವ ಹುಡುಗ ಹೇಗೋ ಆಯ್ಕೆಯಾದನೆಂದೇ ಇಟ್ಟುಕೊಂಡರೂ ಅವನ ಪಾಲಿಗೆ ಬರುವುದು ಆ ಶಿಖರದ ಬುಡದ ಮೊತ್ತ. ವರ್ಷಕ್ಕೆ ಎರಡು ಮೂರು ವಾರಗಳ ಕೆಲಸ. ಉಳಿದ ತಿಂಗಳುಗಳಲ್ಲಿ ಬ್ಯಾಟು, ಪ್ರಯಾಣ, ವೈದ್ಯಕೀಯ ವೆಚ್ಚ ಮನೆಯವರ ಕಿಸೆಯಿಂದಲೇ.

ತಿಕೋಟಾ ಭಾಗ ದ್ರಾಕ್ಷಿ ತೋಟಗಳ ನಾಡು. ಕೂಲಿಯ ಲೆಕ್ಕ ಈ ಸೀಮೆಗೆ ಹೊಸದಲ್ಲ. ಕಬ್ಬು ಕಡಿಯುವ ಗುಂಪು ಹಂಗಾಮಿಗೆ ಮುನ್ನವೇ ಟನ್ನಿಗಿಷ್ಟು ಎಂದು ಮಾತಾಡಿಕೊಂಡು ಮುಂಗಡ ಎಣಿಸಿಕೊಂಡ ಮೇಲೆಯೇ ಗಾಡಿ ಹತ್ತುತ್ತದೆ. ಆ ವ್ಯವಸ್ಥೆಯಲ್ಲಿ ಶೋಷಣೆ ಇಲ್ಲವೆಂದೇನೂ ಅಲ್ಲ. ಆದರೂ ಗುಂಪಾಗಿ ಮಾತಾಡಬೇಕೆಂಬ ತಿಳಿವಳಿಕೆ ಅಲ್ಲಿದೆ. ಲೀಗ್ ಆಟಗಾರ ಒಬ್ಬೊಬ್ಬನಾಗಿಯೇ ಸಹಿ ಹಾಕುತ್ತಾನೆ, ಸಹಿ ಹಾಕುವ ಕಾಗದವನ್ನು ಬರೆದವರು ಮಾಲೀಕರ ಕಡೆಯವರೇ ಆಗಿರುತ್ತಾರೆ.

ಒಮ್ಮೆ ಮಾತ್ರ ಒಗ್ಗಟ್ಟು

ಭಾರತೀಯ ಕ್ರಿಕೆಟಿಗರು ಒಟ್ಟಾಗಿ ನಿಂತ ಉದಾಹರಣೆಯೇ ಇಲ್ಲ ಎನ್ನುವುದು ಸರಿಯಲ್ಲ. 1989ರಲ್ಲಿ ಅಮೆರಿಕದಲ್ಲಿ ಅನುಮತಿ ಇಲ್ಲದೆ ಪ್ರದರ್ಶನ ಪಂದ್ಯಗಳನ್ನಾಡಿದರೆಂದು ದಿಲೀಪ್ ವೆಂಗ್‌ಸರ್ಕಾರ್, ಕಪಿಲ್ ದೇವ್ ಸೇರಿದಂತೆ ಪ್ರಮುಖ ಆಟಗಾರರನ್ನು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ (ಬಿಸಿಸಿಐ) ಒಂದು ವರ್ಷ ನಿಷೇಧಿಸಿತ್ತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ನಿಷೇಧ ತೆರವಾಯಿತು. ಅದು ಗೆಲುವೇ ಹೌದು. ಆದರೆ ನ್ಯಾಯಾಲಯದಲ್ಲಿ ದಕ್ಕಿದ ಗೆಲುವು, ಮೇಜಿನ ಮೇಲೆ ದಕ್ಕಿದ್ದಲ್ಲ.

ಮೇಜಿನ ಮೇಲಿನ ಜಗಳ ನಡೆದದ್ದು 2002ರಲ್ಲಿ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ತನ್ನ ಟೂರ್ನಿಗಳ ವಾಣಿಜ್ಯ ಹಕ್ಕುಗಳನ್ನು 2007ರವರೆಗೆ 55 ಕೋಟಿ ಡಾಲರ್‌ಗೆ ಮಾರಿತ್ತು. ಟೂರ್ನಿಯ ಪ್ರಾಯೋಜಕರಿಗೆ ಪ್ರತಿಸ್ಪರ್ಧಿಗಳಾದ ಕಂಪನಿಗಳ ಜಾಹೀರಾತಿನಲ್ಲಿ ಆಟಗಾರರು ಟೂರ್ನಿಯ ವೇಳೆ ಮಾತ್ರವಲ್ಲ, ಅದರ ಹಿಂದಿನ ಹಾಗೂ ಮುಂದಿನ ಕೆಲವು ವಾರಗಳಲ್ಲೂ ಕಾಣಿಸಿಕೊಳ್ಳಬಾರದು ಎಂಬ ಷರತ್ತು ಅದರೊಳಗಿತ್ತು. ಆಟಗಾರರ ಮುಖವನ್ನು ಅವರನ್ನು ಕೇಳದೆಯೇ ಮಾರಲಾಗಿತ್ತು ಎಂದರೆ ತಪ್ಪಾಗದು. ಶ್ರೀಲಂಕಾದಲ್ಲಿ ನಡೆಯಬೇಕಿದ್ದ ಚಾಂಪಿಯನ್ಸ್ ಟ್ರೋಫಿಗೆ ಮುನ್ನ ಭಾರತದ ಆಟಗಾರರು ಸಹಿ ಹಾಕಲು ನಿರಾಕರಿಸಿದರು. ಆಗ ಮಂಡಳಿಯ ಅಧ್ಯಕ್ಷರಾಗಿದ್ದವರು ಜಗಮೋಹನ್ ದಾಲ್ಮಿಯಾ. ಆಟಗಾರರ ಪರ ಮಾತಾಡಿದವರಲ್ಲಿ ಮುಂಚೂಣಿಯಲ್ಲಿದ್ದವರು ಬೆಂಗಳೂರಿನ ಅನಿಲ್ ಕುಂಬ್ಳೆ.

ಷರತ್ತುಗಳು ಸಡಿಲವಾದವು, ತಂಡ ಹೋಯಿತು, ಕೊಲಂಬೊದ ಮಳೆಯಲ್ಲಿ ಎರಡು ಬಾರಿ ಫೈನಲ್ ಕೊಚ್ಚಿಹೋಗಿ ಭಾರತ ಮತ್ತು ಶ್ರೀಲಂಕಾ ಟ್ರೋಫಿಯನ್ನು ಹಂಚಿಕೊಂಡವು. ಜನರ ನೆನಪಿನಲ್ಲಿ ಉಳಿದದ್ದು ಮಳೆ. ನಿಜವಾದ ಫಲ ಆಮೇಲೆ ಬಂತು. ಮಂಡಳಿಯ ವರಮಾನದಲ್ಲಿ ಆಟಗಾರರಿಗೆ ಶೇ. 26ರಷ್ಟು ಪಾಲು, ಅದರಲ್ಲಿ ಅರ್ಧದಷ್ಟು ಅಂತರರಾಷ್ಟ್ರೀಯ ಆಟಗಾರರಿಗೆ, ಉಳಿದದ್ದು ದೇಶೀಯ, ಮಹಿಳಾ ಹಾಗೂ ಕಿರಿಯ ಆಟಗಾರರಿಗೆ ಎಂಬ ಸೂತ್ರ ರೂಢಿಗೆ ಬಂತು. 2004ರ ಹೊತ್ತಿಗೆ ಶ್ರೇಣೀಕೃತ ವಾರ್ಷಿಕ ಒಪ್ಪಂದಗಳ ಪದ್ಧತಿ ಜಾರಿಯಾಯಿತು. ರಣಜಿ ಆಟಗಾರನೊಬ್ಬ ಇಂದು ದಿನಕ್ಕಿಷ್ಟು ಎಂದು ಗೌರವಯುತ ಸಂಭಾವನೆ ಪಡೆಯುತ್ತಿದ್ದರೆ ಅದರ ಬೇರು ಈ ಹಗ್ಗಜಗ್ಗಾಟದಲ್ಲಿದೆ. ಕುಂಬ್ಳೆ ಪಡೆದ 619 ಟೆಸ್ಟ್ ವಿಕೆಟ್‌ಗಳ ಬಗ್ಗೆ ಬರೆದಷ್ಟು ಈ ಬಗ್ಗೆ ಯಾರೂ ಬರೆದಿಲ್ಲ.

ಅದೇ 2002ರಲ್ಲಿ ಮನ್ಸೂರ್ ಅಲಿ ಖಾನ್ ಪಟೌಡಿ ಅವರ ಮುಂದಾಳತ್ವದಲ್ಲಿ ಆಟಗಾರರ ಸಂಘವೊಂದು ಹುಟ್ಟಿತ್ತು. ಮಂಡಳಿ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಕೆಲವು ವರ್ಷಗಳಲ್ಲಿ ಸಂಘ ಸೊರಗಿ ಹೋಯಿತು. ತಾರೆಗಳಿಗೆ ಬೇಕಾದದ್ದು ಸಿಕ್ಕ ಮೇಲೆ ಸಂಘದ ಅಗತ್ಯ ಅವರಿಗೆ ಕಾಣಲಿಲ್ಲವೇನೋ.

ಮುಂದೆ ನ್ಯಾಯಮೂರ್ತಿ ಆರ್.ಎಂ. ಲೋಧಾ ಸಮಿತಿಯ ಶಿಫಾರಸನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿದ ಫಲವಾಗಿ 2019ರಲ್ಲಿ ಭಾರತೀಯ ಕ್ರಿಕೆಟಿಗರ ಸಂಘ (ಐಸಿಎ) ಸ್ಥಾಪನೆಯಾಯಿತು. ಬಿಸಿಸಿಐನ ಉನ್ನತ ಮಂಡಳಿಯಲ್ಲಿ ಅದಕ್ಕೆ ಎರಡು ಸ್ಥಾನಗಳೂ ದೊರೆತವು. ಬೆಂಗಳೂರಿನ ಶಾಂತಾ ರಂಗಸ್ವಾಮಿ ಮಹಿಳಾ ಪ್ರತಿನಿಧಿಯಾದರು. ಆದರೆ ಈ ಸಂಘದ ಸದಸ್ಯತ್ವ ನಿವೃತ್ತರಿಗೆ ಮಾತ್ರ. ಪಿಂಚಣಿ, ವಿಮೆಗಳ ವಿಷಯದಲ್ಲಿ ಅದರಿಂದ ಉಪಯೋಗವಾಗಿದೆ, ನಿಜ. ಆದರೆ ನಾಳೆ ಬೆಳಿಗ್ಗೆ ಪ್ಯಾಡು ಕಟ್ಟಿಕೊಂಡು ಇಳಿಯಬೇಕಾದವನ ಪರ ಅದು ಚೌಕಾಸಿ ಮಾಡಲಾರದು. ನಿವೃತ್ತ ನೌಕರರ ಸಂಘವೊಂದನ್ನು ಕಟ್ಟಿ ಅದನ್ನೇ ಕಾರ್ಮಿಕ ಸಂಘಟನೆ ಎಂದಂತೆ.

ಹರಾಜಿನ ಗಣಿತ

ಐಪಿಎಲ್ ಬಂದ ಮೇಲೆ ಆಟಗಾರರ ದೂರುಗಳಿಗೆ ಜನರಿಂದ ಸಿಗುವ ಉತ್ತರ ಒಂದೇ: 'ಕೋಟಿ ಕೋಟಿ ಕೊಡುತ್ತಾರಲ್ಲ, ಇನ್ನೇನು ಬೇಕು?' ಲೆಕ್ಕವನ್ನೇ ನೋಡೋಣ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂ.ಗಳಿಗೆ. ಅಂದರೆ ವರ್ಷಕ್ಕೆ ಸರಾಸರಿ 9,678 ಕೋಟಿ ರೂ. 2025ರ ಋತುವಿಗೆ ಪ್ರತಿ ತಂಡ ತನ್ನ ಆಟಗಾರರಿಗೆ ಮಾಡಬಹುದಾದ ಒಟ್ಟು ವೆಚ್ಚದ ಮಿತಿ, ಪಂದ್ಯ ಶುಲ್ಕವೂ ಸೇರಿ, 146 ಕೋಟಿ ರೂ. ಹತ್ತು ತಂಡಗಳಿಗೆ 1,460 ಕೋಟಿ ರೂ. ಪ್ರಸಾರದಿಂದ ಬರುವ ನೂರು ರೂಪಾಯಿಯಲ್ಲಿ ಆಟಗಾರರೆಲ್ಲರಿಗೂ ಸೇರಿ ಸುಮಾರು ಹದಿನೈದು ರೂಪಾಯಿ. ಪ್ರಾಯೋಜಕತ್ವ, ಟಿಕೆಟ್ ವರಮಾನವನ್ನು ಸೇರಿಸಿದರೆ ಪ್ರಮಾಣ ಇನ್ನೂ ಇಳಿಯುತ್ತದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಸಂಘದೊಂದಿಗಿನ ಒಪ್ಪಂದದ ಪ್ರಕಾರ ಆಟಗಾರರ ಪಾಲು ಲೀಗ್ ವರಮಾನದ ಅರ್ಧದ ಆಸುಪಾಸಿನಲ್ಲಿರುತ್ತದೆ.

ಹದಿನೈದು ಕಡಿಮೆಯೋ ಹೆಚ್ಚೋ ಎಂಬುದನ್ನು ವಾದಿಸಬಹುದು. ಮಂಡಳಿಯ ಪಾಲಿನ ಹಣ ರಾಜ್ಯ ಸಂಸ್ಥೆಗಳ ಮೂಲಕ ಮೈದಾನಗಳಿಗೆ, ವಯೋಮಿತಿ ಟೂರ್ನಿಗಳಿಗೆ ಹರಿಯುತ್ತದೆ ಎಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ತಕರಾರು ಇರುವುದು ಆ ಅಂಕಿ ಎಲ್ಲಿ ನಿಗದಿಯಾಯಿತು ಎಂಬಲ್ಲಿ. ಮಾಲೀಕರೊಂದಿಗೆ ಮಂಡಳಿ ಸಭೆ ನಡೆಸುತ್ತದೆ, ಆಟಗಾರರೊಂದಿಗೆ ನಡೆಸುವುದಿಲ್ಲ. 2024ರಲ್ಲಿ ಪ್ರತಿ ಪಂದ್ಯಕ್ಕೆ 7.5 ಲಕ್ಷ ರೂ. ಶುಲ್ಕ ಘೋಷಿಸಿದ್ದು ಮಂಡಳಿಯ ಕಾರ್ಯದರ್ಶಿ. ಒಳ್ಳೆಯದೇ ಆಯಿತು. ಹರಾಜಿನಲ್ಲಿ ಆಯ್ಕೆಯಾಗಿ ಬಳಿಕ ಹಿಂದೆ ಸರಿದರೆ ಎರಡು ವರ್ಷ ನಿಷೇಧ ಎಂದದ್ದೂ ಮಂಡಳಿಯೇ. 2025ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರೂಕ್ ಅದರ ಬಿಸಿ ಅನುಭವಿಸಿದರು. ಕಿರು ಹರಾಜಿನಲ್ಲಿ ವಿದೇಶಿ ಆಟಗಾರನಿಗೆ ಎಷ್ಟೇ ಬೆಲೆ ಬಂದರೂ ಕೈಗೆ ಸಿಗುವುದಕ್ಕೆ ಮಿತಿ ಹಾಕಲಾಯಿತು. 2025ರ ಡಿಸೆಂಬರ್‌ನಲ್ಲಿ ಕೋಲ್ಕತ್ತ ತಂಡ ಕ್ಯಾಮರಾನ್ ಗ್ರೀನ್ ಅವರನ್ನು 25.20 ಕೋಟಿ ರೂ.ಗೆ ಕೊಂಡಿತು, ಅವರ ಪಾಲಿಗೆ 18 ಕೋಟಿ ರೂ., ಉಳಿದದ್ದು ಮಂಡಳಿಯ ಕಲ್ಯಾಣ ನಿಧಿಗೆ. ಹದಿನೆಂಟು ಕೋಟಿ ಪಡೆದವನಿಗಾಗಿ ಕಣ್ಣೀರು ಹಾಕಬೇಕಿಲ್ಲ. ಆದರೆ ದುಡಿದವನ ಬೆಲೆಯ ಒಂದು ಭಾಗ ಬೇರೆಡೆ ಹೋಗಬೇಕೆಂಬ ತೀರ್ಮಾನದಲ್ಲಿ ದುಡಿದವರ ಪ್ರತಿನಿಧಿ ಇರಲಿಲ್ಲ ಎಂಬುದು ಗಮನಾರ್ಹ.

ಬೇರೆ ತಂಡದೊಂದಿಗೆ ಮಾತಾಡುವ ಹಕ್ಕಿನ ಕಥೆಯೂ ಇದೇ. ರಾಜಸ್ಥಾನ ರಾಯಲ್ಸ್‌ನಲ್ಲಿದ್ದ ರವೀಂದ್ರ ಜಡೇಜ ಹೆಚ್ಚಿನ ಸಂಭಾವನೆಗಾಗಿ ಮತ್ತೊಂದು ತಂಡದೊಡನೆ ಮಾತುಕತೆ ನಡೆಸಿದರೆಂದು 2010ರ ಇಡೀ ಋತು ನಿಷೇಧಕ್ಕೊಳಗಾದರು. ಯಾವುದೇ ಕಚೇರಿಯ ನೌಕರ ಬೇರೆ ಕಡೆ ಸಂದರ್ಶನಕ್ಕೆ ಹೋಗಿಬಂದರೆ ಒಂದು ವರ್ಷ ಮನೆಯಲ್ಲಿ ಕೂರಿಸುವಂತಿಲ್ಲ.

ಕಬಡ್ಡಿಯಲ್ಲಿ ಹರಾಜು ಆಟಗಾರನನ್ನು ಎತ್ತಿದಷ್ಟೇ ವೇಗವಾಗಿ ಇಳಿಸುವುದೂ ಉಂಟು. 2021ರಲ್ಲಿ 1.65 ಕೋಟಿ ರೂ. ಪಡೆದಿದ್ದ ಪ್ರದೀಪ್ ನರ್ವಾಲ್ ಅವರನ್ನು 2024ರಲ್ಲಿ ಬೆಂಗಳೂರು ಬುಲ್ಸ್ 70 ಲಕ್ಷ ರೂ.ಗೆ ಕೊಂಡಿತು. ಮಾರುಕಟ್ಟೆ ಎಂದ ಮೇಲೆ ಏರಿಳಿತ ಸಹಜ ಎಂದು ಬಿಟ್ಟುಬಿಡಬಹುದು.

ಇನ್ನು ದೇಶೀಯ ಆಟಗಾರರ ಮಾತು. ಕೋವಿಡ್‌ನಿಂದಾಗಿ 2020-21ರ ರಣಜಿ ಟ್ರೋಫಿ ರದ್ದಾಯಿತು. ನೂರಾರು ಕುಟುಂಬಗಳ ವಾರ್ಷಿಕ ಗಳಿಕೆ ಅದರೊಡನೆ ಹೋಯಿತು. ಹಿಂದಿನ ಋತುವಿನಲ್ಲಿ ಆಡಿದವರಿಗೆ ಪಂದ್ಯ ಶುಲ್ಕದ ಶೇ. 50ರಷ್ಟು ಪರಿಹಾರ ಎಂದು ಮಂಡಳಿ ಪ್ರಕಟಿಸಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಅದೇ ಪ್ರಕಟಣೆಯಲ್ಲಿ ದಿನದ ಶುಲ್ಕವನ್ನು ಅನುಭವಕ್ಕೆ ತಕ್ಕಂತೆ 40ರಿಂದ 60 ಸಾವಿರ ರೂ.ಗೆ ಏರಿಸಲಾಯಿತು. ಏರಿಕೆ ಸ್ವಾಗತಾರ್ಹ. ಆದರೆ ಕಾಯಬೇಕಾಗಿ ಬಂದ ತಿಂಗಳುಗಳಲ್ಲಿ 'ಯಾವಾಗ?' ಎಂದು ಅಧಿಕೃತವಾಗಿ ಕೇಳುವ ಬಾಯಿ ಯಾರದೂ ಇರಲಿಲ್ಲ.

ವಿಜಯಪುರದವರೇ ಆದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಉರುಳಿಸಿದಾಗ ಜಿಲ್ಲೆ ಸಂಭ್ರಮಿಸಿತ್ತು. ಮಹಿಳೆಯರಿಗೂ ಪುರುಷರಷ್ಟೇ ಪಂದ್ಯ ಶುಲ್ಕ ಎಂಬ ಘೋಷಣೆ ಬರಲು ಅಲ್ಲಿಂದ ಐದು ವರ್ಷ ಬೇಕಾಯಿತು. ಶುಲ್ಕ ಸಮಾನವಾದರೂ ವಾರ್ಷಿಕ ಒಪ್ಪಂದ ಸಮಾನವಾಗಲಿಲ್ಲ: 2023ರ ಪಟ್ಟಿಯಲ್ಲಿ ಪುರುಷರ ಮೇಲಿನ ಶ್ರೇಣಿಗೆ 7 ಕೋಟಿ ರೂ., ಮಹಿಳೆಯರ ಮೇಲಿನ ಶ್ರೇಣಿಗೆ 50 ಲಕ್ಷ ರೂ.

ಬೇಸ್‌ಬಾಲ್ ಕಲಿಸಿದ ಪಾಠ

ಆಟಗಾರ ಹಾಗೂ ಮಾಲೀಕರ ಜಗಳ ಅತಿ ದೀರ್ಘವಾಗಿ, ಅತಿ ಬಹಿರಂಗವಾಗಿ ನಡೆದಿರುವುದು ಅಮೆರಿಕದ ಬೇಸ್‌ಬಾಲ್‌ನಲ್ಲಿ. ನಮ್ಮ ಓದುಗರಿಗೆ ಆ ಆಟದ ನಿಯಮ ಗೊತ್ತಿಲ್ಲದಿದ್ದರೂ ಈ ಜಗಳ ಅರ್ಥವಾಗುತ್ತದೆ. ಅಲ್ಲಿ ದಶಕಗಳ ಕಾಲ ಒಂದು ಕಟ್ಟಳೆ ಇತ್ತು: ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದವನು ಒಪ್ಪಂದ ಮುಗಿದರೂ ಆ ತಂಡದ ಸ್ವತ್ತು. ತಂಡ ಮಾರಿದರೆ ಹೋಗಬೇಕು, ಬಿಟ್ಟರೆ ಮಾತ್ರ ಬಿಡುಗಡೆ. 1969ರಲ್ಲಿ ಸೇಂಟ್ ಲೂಯಿ ತಂಡದ ಕರ್ಟ್ ಫ್ಲಡ್ ಎಂಬ ಕಪ್ಪುವರ್ಣೀಯ ಆಟಗಾರ ತನ್ನನ್ನು ಫಿಲಡೆಲ್ಫಿಯಾಗೆ ವರ್ಗಾಯಿಸಿದ್ದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋದ. ವರ್ಷಕ್ಕೆ 90 ಸಾವಿರ ಡಾಲರ್ ಸಂಬಳ ಬಿಟ್ಟು ಹೋದವನು 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಮೂರೇ ವರ್ಷಗಳಲ್ಲಿ, 1975ರ ಡಿಸೆಂಬರ್‌ನಲ್ಲಿ, ಬೇರೆ ಇಬ್ಬರು ಆಟಗಾರರ ದೂರಿನ ಮೇಲೆ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಆ ಕಟ್ಟಳೆಯನ್ನು ಮುರಿದರು.

ನ್ಯಾಯಾಲಯದಲ್ಲಿ ಸೋತದ್ದು ಮಧ್ಯಸ್ಥಿಕೆಯಲ್ಲಿ ಗೆದ್ದದ್ದು ಹೇಗೆ? 1966ರಲ್ಲಿ ಉಕ್ಕು ಕಾರ್ಮಿಕರ ಸಂಘಟನೆಯಿಂದ ಬಂದ ಮಾರ್ವಿನ್ ಮಿಲ್ಲರ್ ಎಂಬ ಅರ್ಥಶಾಸ್ತ್ರಜ್ಞ ಆಟಗಾರರ ಸಂಘದ ಹೊಣೆ ಹೊತ್ತಿದ್ದರು. 1968ರಲ್ಲಿ ಮೊದಲ ಸಾಮೂಹಿಕ ಒಪ್ಪಂದವಾಯಿತು. ಕನಿಷ್ಠ ವೇತನ 6 ಸಾವಿರದಿಂದ 10 ಸಾವಿರ ಡಾಲರ್‌ಗೇರಿತು. ಸ್ವತಂತ್ರ ಮಧ್ಯಸ್ಥಗಾರರ ಮುಂದೆ ದೂರು ಹೇಳಿಕೊಳ್ಳುವ ಹಕ್ಕನ್ನು ಸಂಘ ಮುಂದಿನ ಒಪ್ಪಂದದಲ್ಲಿ ಗಳಿಸಿಕೊಂಡಿತು. ಆ ಕಲಮು ಇಲ್ಲದಿದ್ದರೆ ಸೈಟ್ಸ್ ತೀರ್ಪೇ ಇರುತ್ತಿರಲಿಲ್ಲ.

1994ರ ಆಗಸ್ಟ್ 12ರಿಂದ 232 ದಿನಗಳ ಮುಷ್ಕರ ನಡೆದು ಆ ವರ್ಷದ ವಿಶ್ವ ಸರಣಿಯೇ ರದ್ದಾದದ್ದನ್ನು ಆಟಗಾರರ ದುರಾಸೆ ಎಂದು ಅಲ್ಲಿನ ಜನರೂ ಬೈದರು. 2021ರ ಡಿಸೆಂಬರ್‌ನಲ್ಲಿ ಮಾಲೀಕರು 99 ದಿನ ಬಾಗಿಲು ಮುಚ್ಚಿದಾಗ ಬೈಗುಳ ಮಾಲೀಕರ ಕಡೆ ತಿರುಗಿತು. ಕೊನೆಗೆ ಕನಿಷ್ಠ ವೇತನ 7 ಲಕ್ಷ ಡಾಲರ್‌ಗೆ ಏರಿ, 2026ರ ಡಿಸೆಂಬರ್ 1ರವರೆಗಿನ ಒಪ್ಪಂದಕ್ಕೆ ಎರಡೂ ಕಡೆ ಸಹಿ ಬಿತ್ತು.

ಕರ್ನಾಟಕದ ದೃಷ್ಟಿಯಿಂದ ಹೆಚ್ಚು ಪ್ರಸ್ತುತವಾದದ್ದು ಆಮೇಲಿನ ಬೆಳವಣಿಗೆ. ಬೇಸ್‌ಬಾಲ್‌ನ ಕೆಳಹಂತದ ಲೀಗ್‌ಗಳ ಆಟಗಾರರು ಬಹುಕಾಲ ಅರೆಹೊಟ್ಟೆಯ ಸಂಬಳಕ್ಕೆ ಆಡುತ್ತಿದ್ದರು. 2022ರಲ್ಲಿ ಅವರನ್ನೂ ಆಟಗಾರರ ಸಂಘದೊಳಕ್ಕೆ ಸೇರಿಸಿಕೊಳ್ಳಲಾಯಿತು. 2023ರ ಮಾರ್ಚ್‌ನ ಮೊದಲ ಒಪ್ಪಂದದಲ್ಲೇ ಕೆಳಗಿನ ಹಂತವೊಂದರಲ್ಲಿ ವಾರ್ಷಿಕ ವೇತನ 11 ಸಾವಿರದಿಂದ 26,200 ಡಾಲರ್‌ಗೇರಿತು. ತಾರೆಗಳ ಸಂಘ ತಾರೆಗಳಲ್ಲದವರಿಗೆ ಬಾಗಿಲು ತೆರೆದ ಕಾರಣಕ್ಕೆ ಇದು ಸಾಧ್ಯವಾಯಿತು. ನಮ್ಮಲ್ಲಿ 2002ರ ಸಂಘ ಉಳಿದಿದ್ದರೆ ಬಿಜಾಪುರ ಬುಲ್ಸ್‌ನ ಹುಡುಗರೂ ಅದರ ನೆರಳಿಗೆ ಬರುತ್ತಿದ್ದರು.

ಅಮೆರಿಕ ದೂರದ ಮಾತಾಯಿತು ಎನ್ನುವವರಿಗೆ ಢಾಕಾ ಹತ್ತಿರದಲ್ಲೇ ಇದೆ. 2019ರ ಅಕ್ಟೋಬರ್‌ನಲ್ಲಿ, ಭಾರತ ಪ್ರವಾಸಕ್ಕೆ ದಿನಗಳಷ್ಟೇ ಇರುವಾಗ, ಶಕೀಬ್ ಅಲ್ ಹಸನ್ ನೇತೃತ್ವದಲ್ಲಿ ಬಾಂಗ್ಲಾದೇಶದ ಕ್ರಿಕೆಟಿಗರು ಮುಷ್ಕರ ಹೂಡಿದರು. ದೇಶೀಯ ಆಟಗಾರರ ಶುಲ್ಕ ಹೆಚ್ಚಳ ಅವರ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. ಮಂಡಳಿ ಎರಡು ಮೂರು ದಿನಗಳಲ್ಲಿ ಬಾಗಿತು. 2017ರಲ್ಲಿ ಆಸ್ಟ್ರೇಲಿಯಾದ ಸುಮಾರು 230 ಆಟಗಾರರು ಒಪ್ಪಂದವಿಲ್ಲದೆ ಒಂದು ತಿಂಗಳಿಗೂ ಹೆಚ್ಚು ಕಾಲ ನಿರುದ್ಯೋಗಿಗಳಾಗಿ ಉಳಿದು ವರಮಾನ ಹಂಚಿಕೆಯ ಸೂತ್ರವನ್ನು ಉಳಿಸಿಕೊಂಡರು.

ಕಾನೂನಿನ ಕಣ್ಣಿಗೆ ಆಟಗಾರ ಯಾರು?

ಈ ಪ್ರಶ್ನೆಗೆ ಭಾರತದ ಶಾಸನಗಳಲ್ಲಿ ನೇರ ಉತ್ತರವಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ 'ಕಾರ್ಮಿಕ' ಎಂಬ ವ್ಯಾಖ್ಯೆಯಲ್ಲಿ ಆಟಗಾರನ ಪ್ರಸ್ತಾಪವಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಪತ್ರಕರ್ತರು, ಮಾರಾಟ ಪ್ರತಿನಿಧಿಗಳನ್ನು ಹೆಸರಿಸಿ ಒಳಗೆ ತಂದವು. ದೃಶ್ಯ-ಶ್ರವ್ಯ ಮಾಧ್ಯಮದ ಕೆಲಸಗಾರರನ್ನೂ ತಂದವು. ಕ್ರೀಡಾ ಕಾರ್ಯಕ್ರಮಗಳ ನಿರ್ಮಾಣವೂ ಆ ವ್ಯಾಖ್ಯೆಯೊಳಗಿದೆ. ಪಂದ್ಯದ ಕಾರ್ಯಕ್ರಮ ಸಿದ್ಧಪಡಿಸುವ ಸ್ಟುಡಿಯೊ ಸಿಬ್ಬಂದಿಗೆ ಕಾನೂನಿನಲ್ಲಿ ಹೆಸರಿದೆ, ಪಂದ್ಯ ಆಡುವವನಿಗಿಲ್ಲ.

ಬಿಸಿಸಿಐ ಚಟುವಟಿಕೆ ವಾಣಿಜ್ಯ ಸ್ವರೂಪದ್ದು, ಹಾಗಾಗಿ ನೌಕರರ ರಾಜ್ಯ ವಿಮಾ ಕಾಯ್ದೆಯ ಮಟ್ಟಿಗೆ ಅದನ್ನು 'ಅಂಗಡಿ' ಎಂದು ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಹೇಳಿತು. ಅದರ ಪ್ರಯೋಜನ ಕಚೇರಿ ನೌಕರರಿಗೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಫೆಡರೇಷನ್‌ಗಳಲ್ಲಿ ಕ್ರೀಡಾಪಟುಗಳ ಸಮಿತಿ ಇರಬೇಕೆಂದು ವಿಧಿಸಿದೆ, ಪ್ರತ್ಯೇಕ ನ್ಯಾಯಮಂಡಳಿಗೂ ಅವಕಾಶ ಮಾಡಿದೆ. ಉತ್ತಮ ಹೆಜ್ಜೆಯೇ. ಆದರೆ ಖಾಸಗಿ ಮಾಲೀಕ ಹಾಗೂ ಆಟಗಾರನ ನಡುವಿನ ಸಂಬಳದ ಮಾತು ಅದರ ಮುಖ್ಯ ಕಾಳಜಿಯಲ್ಲ.

ರಾಜ್ಯ ಸರ್ಕಾರ ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. ಮನೆಮನೆಗೆ ಊಟ, ಸಾಮಾನು ತಲುಪಿಸುವ ಗಿಗ್ ಕೆಲಸಗಾರರನ್ನು 'ಪಾಲುದಾರರು' ಎಂದು ಕರೆದು ಕಂಪನಿಗಳು ಕೈತೊಳೆದುಕೊಳ್ಳುತ್ತಿದ್ದಾಗ 2025ರಲ್ಲಿ ರಾಜ್ಯ ಪ್ರತ್ಯೇಕ ಕಾಯ್ದೆ ತಂದು ಅವರಿಗೆ ಕಲ್ಯಾಣ ಮಂಡಳಿ ರಚಿಸಿತು. ಎರಡು ಮೂರು ವಾರದ ಲೀಗ್‌ಗೆ ಸಹಿ ಹಾಕುವ ಆಟಗಾರನ ಸ್ಥಿತಿ ಬೈಕಿನ ಹುಡುಗನಿಗಿಂತ ತೀರಾ ಭಿನ್ನವೇನಲ್ಲ. ರಾಜ್ಯದ ನೆಲದಲ್ಲಿ ನಡೆಯುವ ಲೀಗ್‌ಗಳಿಗೆ ಒಂದು ಮಾದರಿ ಒಪ್ಪಂದ, ಋತು ಆರಂಭಕ್ಕೆ ಮುನ್ನವೇ ಆಟಗಾರರ ಪೂರ್ತಿ ಮೊತ್ತಕ್ಕೆ ಬ್ಯಾಂಕ್ ಖಾತರಿ, ಗಾಯಗೊಂಡರೆ ವಿಮೆ: ಇಷ್ಟನ್ನು ಅನುಮತಿಯ ಷರತ್ತಾಗಿಸಲು ದೊಡ್ಡ ಶಾಸನವೇನೂ ಬೇಕಿಲ್ಲ.

ಫುಟ್‌ಬಾಲ್ ಈ ವಿಷಯದಲ್ಲಿ ಕ್ರಿಕೆಟ್‌ಗಿಂತ ಒಂದು ಹೆಜ್ಜೆ ಮುಂದಿದೆ. ಎರಡು ತಿಂಗಳ ಸಂಬಳ ಬಾಕಿ ಉಳಿದರೆ ಹದಿನೈದು ದಿನಗಳ ನೋಟಿಸ್ ಕೊಟ್ಟು ಆಟಗಾರ ಒಪ್ಪಂದ ಮುರಿದು ಹೊರಡಬಹುದು ಎಂಬುದು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ. ಭಾರತದಲ್ಲಿ ಫುಟ್‌ಬಾಲ್ ಆಟಗಾರರ ಸಂಘವೂ ಇದೆ, ಅದು ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯತ್ವವನ್ನೂ ಹೊಂದಿದೆ. ಹಾಗಿದ್ದೂ 2025ರಲ್ಲಿ ಏನಾಯಿತು? ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹಾಗೂ ಲೀಗ್ ನಡೆಸುತ್ತಿದ್ದ ರಿಲಯನ್ಸ್ ಸಮೂಹದ ಕಂಪನಿಯ ನಡುವಿನ 15 ವರ್ಷಗಳ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ನವೀಕರಣ ನ್ಯಾಯಾಲಯದ ಪ್ರಕರಣದಲ್ಲಿ ಸಿಲುಕಿತು. ಜುಲೈನಲ್ಲಿ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರಿನ ಸಂಬಳ ನಿಂತಿತು. ನವೆಂಬರ್‌ನಲ್ಲಿ ಹೊಸ ಟೆಂಡರಿಗೆ ಒಬ್ಬನೇ ಒಬ್ಬ ಬಿಡ್ಡುದಾರ ಬರಲಿಲ್ಲ.

ಮಾಲೀಕರ ಕಷ್ಟವೂ ಸುಳ್ಳಲ್ಲ. ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದ ಲೀಗ್‌ಗಾಗಿ ವರ್ಷವಿಡೀ ತಂಡ ಸಾಕುವುದು ಯಾವ ಉದ್ಯಮಿಗೂ ಸುಲಭವಲ್ಲ. ಕಿರಿಯರ ತಂಡಗಳನ್ನೂ ಫುಟ್‌ಬಾಲ್ ಶಾಲೆಗಳನ್ನೂ ಮುಚ್ಚುವುದಿಲ್ಲ ಎಂದು ಬೆಂಗಳೂರು ಎಫ್‌ಸಿ ಅದೇ ಪ್ರಕಟಣೆಯಲ್ಲಿ ಹೇಳಿತ್ತು. ಅಕ್ಟೋಬರ್‌ನಲ್ಲಿ ಗೋವಾದ ಸೂಪರ್ ಕಪ್‌ಗೆ ತಂಡವನ್ನು ಕಳುಹಿಸಿತು. ಆದರೆ ನಷ್ಟವನ್ನು ಮೊದಲು ಯಾರ ಹೆಗಲಿಗೆ ಹಾಕಬೇಕೆಂಬ ಪ್ರಶ್ನೆ ಎದುರಾದಾಗ ಬಲಹೀನರ ಹೆಗಲನ್ನೇ ಆರಿಸಲಾಯಿತು.

2026ರ ಜನವರಿ 2ರಂದು ಛೇತ್ರಿ, ಗುರುಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗನ್ ಮೊದಲಾದವರು ವಿಡಿಯೊ ಮಾಡಿ ಭಾರತದ ಫುಟ್‌ಬಾಲ್ ಉಳಿಸುವಂತೆ ಫಿಫಾಗೆ ಮೊರೆಯಿಟ್ಟರು. ದೇಶದ ನಾಯಕರಾಗಿದ್ದ ಆಟಗಾರರೇ ತಮ್ಮ ಮಾತು ಕೇಳಿಸಲು ಮೊಬೈಲ್ ಕ್ಯಾಮೆರಾ ಮುಂದೆ ನಿಲ್ಲಬೇಕಾಯಿತು. ನಾಲ್ಕು ದಿನಗಳ ಬಳಿಕ ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಅವರು ಫೆಬ್ರುವರಿ 14ರಿಂದ 14 ತಂಡಗಳ, 91 ಪಂದ್ಯಗಳ ಕಿರಿದುಗೊಳಿಸಿದ ಲೀಗ್ ನಡೆಯಲಿದೆ ಎಂದು ಪ್ರಕಟಿಸಿದರು.

ಬಾಕಿಯ ಲೆಕ್ಕ ಎಷ್ಟು ದೀರ್ಘವಾಗಬಹುದು ಎಂಬುದಕ್ಕೆ ಐಪಿಎಲ್‌ನ ಕೊಚ್ಚಿ ಟಸ್ಕರ್ಸ್ ಪ್ರಕರಣ ಸಾಕ್ಷಿ. ಒಂದೇ ಋತು ಆಡಿದ ಆ ತಂಡವನ್ನು ಬ್ಯಾಂಕ್ ಖಾತರಿ ಸಲ್ಲಿಸಲಿಲ್ಲವೆಂದು ಬಿಸಿಸಿಐ 2011ರ ಸೆಪ್ಟೆಂಬರ್‌ನಲ್ಲಿ ರದ್ದುಗೊಳಿಸಿತು. ಹತ್ತು ವರ್ಷಗಳ ಬಳಿಕ, 2021ರಲ್ಲಿ, ಆಸ್ಟ್ರೇಲಿಯಾದ ಬ್ರ್ಯಾಡ್ ಹಾಡ್ಜ್ ತಮಗೂ ಸಹ ಆಟಗಾರರಿಗೂ ಶೇ. 35ರಷ್ಟು ಹಣ ಇನ್ನೂ ಬಂದಿಲ್ಲ ಎಂದು ಬಹಿರಂಗವಾಗಿ ಕೇಳಿದರು. ತಂಡ ರದ್ದತಿ ತಪ್ಪು ಎಂದು ಮಾಲೀಕರು ಹೂಡಿದ ಮಧ್ಯಸ್ಥಿಕೆ ಪ್ರಕರಣದಲ್ಲಿ ಅವರಿಗೆ ಸುಮಾರು 538 ಕೋಟಿ ರೂ. ಕೊಡಬೇಕೆಂಬ ಆದೇಶವನ್ನು ಬಾಂಬೆ ಹೈಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿಯಿತು. ಅದು ಮಂಡಳಿ ಮತ್ತು ಮಾಲೀಕರ ನಡುವಿನ ವ್ಯಾಜ್ಯ. ಆಟಗಾರರು ಅದರಲ್ಲಿ ಕಕ್ಷಿದಾರರಾಗಿರಲಿಲ್ಲ.